ಕೈಗೆ ಕೊಡದ ಚಾಕು

“ಕೆಳಗಿಡೋ ಬೋಳಿಮಗನೆ. ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ ಅಂತ ಎಷ್ಟು ಸಲ ಹೇಳದು?”

ಎಸ್ಟೇಟ್ ಸಾಹುಕಾರ ನಟರಾಜ್ ಅಪ್ಪನಿಗೆ ಗದರಿ ಎರಡು ಹೆಜ್ಜೆ ಹಿಂದೆ ಸರಿದ. ಅಪ್ಪ ಬಗ್ಗಿ ಸ್ಟೋರಿನ ನೆಲದ ಮೇಲೆ ಚಾಕು ಇಟ್ಟ. ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ ಅದನ್ನು ಇಕ್ಕಳದಲ್ಲಿ ಎತ್ತಿ, ಅರಿಸಿನ ಕದಡಿದ ಬಿಸಿನೀರಿನ ಪಾತ್ರೆಗೆ ಅದ್ದಿದ. ನಟರಾಜ್ ಅದಕ್ಕೆ ಹೈಜೀನ್ ಎಂದು ಹೆಸರಿಟ್ಟಿದ್ದ. ಆಲೂರಿನ ಕುಲುಮೆಯಿಂದ ಅಲಗು ಬಂದಾಗ ಈ ಹೈಜೀನ್ ಇರಲಿಲ್ಲ. ನಮ್ಮ ಕೇರಿಯವರ ಕೈ ತಾಕಿದ ಮೇಲೆ ಬೇಕಾಗುತ್ತಿತ್ತು.

ನಾವೆಂದರೆ ಅಪ್ಪ ಲಕ್ಕಯ್ಯ, ಅವ್ವ ಚೌಡಮ್ಮ, ಬಿ.ಎಸ್ಸಿ. ಮುಗಿಸಿ ಎಸ್ಟೇಟ್ ಕೂಲಿಗಳ ಲೈನ್‌ಮನೆಗೆ ವಾಪಸು ಬಂದಿದ್ದ ಮಗಳು ಶೀಲಾ, ಅಂದರೆ ನಾನು. ಎಸ್ಟೇಟಿನ ಹೋಂಸ್ಟೇಯಲ್ಲಿ ಮಾರುವ ಚಾಕುಗಳಿಗೆ ಹಿಡಿ ಹಾಕುವುದು ನಮ್ಮ ಕೆಲಸ. ಹಳೇ ಕಾಫಿ ಗಿಡದ ಬೊಡ್ಡೆಯನ್ನು ಅವ್ವ ಹಿಡಿಯ ಆಕಾರಕ್ಕೆ ಕೆತ್ತಿ ತೂತು ಕೊರೆಯುತ್ತಿದ್ದಳು. ಬೆರಳು ಅಲಗಿಗೆ ಜಾರದಂತೆ ತಡೆಯುವ ಹಿತ್ತಾಳೆ ಗಾರ್ಡನ್ನು ನಾನು ಅರದಿಂದ ಉಜ್ಜಿ ಉಜ್ಜಿ, ನಡುವೆ ಕೂದಲೂ ತೂರದ ಹಾಗೆ, ಹಿಡಿಯೊಳಗೆ ಹೋಗುವ ಅಲಗಿನ ಬಾಲಕ್ಕೆ ಪೋಣಿಸುತ್ತಿದ್ದೆ. ಅಪ್ಪ ತೂತಿಗೆ ಕಾದ ಅರಗು ತುಂಬಿ ಬಾಲವನ್ನು ಒತ್ತಿ ಕೂರಿಸುತ್ತಿದ್ದ. ತಣಿದರೆ ಅರಗು ಕಲ್ಲು.

ಬಿಸಿನೀರಿಗೆ ಅದು ಮತ್ತೆ ಮೆತ್ತಗಾಗುತ್ತದೆ ಎಂದು ಮೊದಲ ವಾರವೇ ಹೇಳಿದ್ದೆ. “ನಿನ್ನ ಕಾಲೇಜ್ನ ಕೇರೀಲಿಟ್ಕೊ,” ಎಂದಿದ್ದ ನಟರಾಜ್. ಅದ್ದಿದ ಚಾಕು ಸಂಜೆತನಕ ಆರಿ ಅರಗು ಮತ್ತೆ ಗಟ್ಟಿಯಾಗುತ್ತಿದ್ದುದರಿಂದ ಇದುವರೆಗೆ ಏನೂ ಆಗಿರಲಿಲ್ಲ.

ಈ ಭಾನುವಾರ ಆರಿಸುವಷ್ಟು ಪುರುಸೊತ್ತಿರಲಿಲ್ಲ. ಮೈಸೂರಿನಿಂದ ಹನ್ನೆರಡು ಜನ ಬಂದು ಸ್ಟೋರಿನಲ್ಲಿ ನಿಂತಿದ್ದರು. ಹಿಡಿ ಹಾಕುವುದು ಅವರಿಗೆ ಕಾಣಲೆಂದು ನಮ್ಮನ್ನು ಮೂಲೆಯಲ್ಲಿ ಒಲೆಯ ಮುಂದೆ ಕೂರಿಸಿದ್ದರು. ಹೊಸ ಚರ್ಮದ ಏಪ್ರನ್ ಕಟ್ಟಿಕೊಂಡಿದ್ದ ನಟರಾಜ್, “ಪ್ರತಿಯೊಂದನ್ನೂ ನಾನೇ ಕೂತು ಮಾಡ್ತೀನಿ,” ಎನ್ನುತ್ತ ಹಿಂದಿನ ವಾರದ ಚಾಕುವೊಂದನ್ನು ಕೂಲಿಂಗ್ ಗ್ಲಾಸಿನ ಹೆಂಗಸಿನ ಅಂಗೈಗೆ ನಾಜೂಕಾಗಿ ಇಟ್ಟ.

ಅವ್ವ ನನ್ನ ಕಿವಿಯತ್ತ ಬಾಗಿದಳು. “ಕೈಗೇ ಕೊಟ್ನಲ್ಲೆ. ಆವಮ್ಮನ ತಾವ ಜಗಳ ಆಗಾಕಿಲ್ವಂತಾ?”

ನಗು ಒತ್ತರಿಸಿ ಬಂತು. ತುಟಿ ಕಚ್ಚಿಕೊಂಡೆ.

ಅಪ್ಪ ಹಿಡಿ ಹಾಕಿ ನೆಲಕ್ಕಿಟ್ಟ ಚಾಕುವನ್ನು ಪುಟ್ಟಸ್ವಾಮಿ ಬಿಸಿನೀರಿಗದ್ದಿ, ಹಬೆಯಾಡುತ್ತಿದ್ದ ಹಾಗೇ ಒರೆಸಿ ಯಜಮಾನನ ಕೈಗಿತ್ತ. ಮೇಜಿನ ಮೇಲೆ ಹರಿತ ತೋರಿಸಲು ಇಟ್ಟ ಸಿಹಿಗುಂಬಳ. ನಟರಾಜ್ ಉಸಿರು ಬಿಗಿಹಿಡಿದು ಹೊಡೆದ. ಅಲಗು ಅರ್ಧಕ್ಕೆ ಇಳಿದು ಕಚ್ಚಿಕೊಂಡಿತು. ಎಳೆದ. ಹಿಡಿ ಕೈಗೆ ಬಂತು. ಅದಕ್ಕೆ ಅಂಟಿ ಬಂದ ನನ್ನ ಗಾರ್ಡ್ ಕಳಚಿ ಟಿಣ್ಣೆಂದು ಬಿದ್ದು, ಉರುಳಿ ಉರುಳಿ ಆ ಹೆಂಗಸಿನ ಚಪ್ಪಲಿಗೆ ತಾಗಿ ನಿಂತಿತು.

“ಅಂಕಲ್, ಇದು ಎರಡು ಪೀಸಾ?” ಎಂದಳಾಕೆ.

ಮೊದಲು ನಕ್ಕವಳು ಅವ್ವ. ಅವಳ ನಗು ಹೊಟ್ಟೆಯಿಂದ ಹೊರಟು, ಭುಜ ಕುಣಿಸಿ, ಮೂಗಿನಲ್ಲಿ ಸೀಟಿ ಹೊಡೆಯುತ್ತದೆ. ಆ ಸೀಟಿಗೆ ನಾನು ನಕ್ಕೆ. ನಮ್ಮಿಬ್ಬರ ನಗುವಿಗೆ ಹನ್ನೆರಡು ಜನ ನಕ್ಕರು. ಪುಟ್ಟಸ್ವಾಮಿ ಗೋಡೆಯತ್ತ ತಿರುಗಿದ. ಕೈಯಲ್ಲಿದ್ದ ಇಕ್ಕಳ ಅವನ ನಗುವಿಗೆ ಕಟಕಟ ಅನ್ನುತ್ತಿತ್ತು. ಬಾಲ ಚಾಚಿಕೊಂಡು ಕೂತಿದ್ದ ಕುಂಬಳಕಾಯಿಯನ್ನು ನೋಡಿದಷ್ಟೂ ನಗು.

“ಮುಚ್ಚೇ ಬಾಯಿ, ಮುಂಡೆ,” ನಟರಾಜ್ ಅವ್ವನಿಗೆ ಹಲ್ಲು ಕಡಿದು ಹೇಳಿದ. “ಲೋ ಲಕ್ಕ, ಬೇಗ ಕೂರ್ಸ್ಕೊಡೊ. ಆರ್ಡರ್ ಕೊಡಕ್ ಬಂದವ್ರೆ ಇವ್ರು.”

ಅಲಗನ್ನು ಕಿತ್ತು, ಗಾರ್ಡು, ಹಿಡಿ ಎಲ್ಲ ಒಟ್ಟು ಮಾಡಿ ತಂದು, ಬಿರುಸು ಏಪ್ರನ್ನಿನಲ್ಲಿ ತಿಣುಕುತ್ತ ಬಗ್ಗಿ ಅಪ್ಪನ ಮುಂದೆ ನೆಲಕ್ಕಿಡಹೋದ. ಅಪ್ಪ ನೆಲ ನೋಡಲಿಲ್ಲ. ಕೈ ಚಾಚಿದ.

“ಕೈಗೆ ಕೊಡಿ ಸಾವ್ಕಾರ್ರೆ.”

ನಟರಾಜ್ ಅರ್ಧ ಬಗ್ಗಿದಲ್ಲೇ ನಿಂತ. ನಗುತ್ತಿದ್ದವರೆಲ್ಲ ಇತ್ತ ತಿರುಗಿದ್ದರು. “ಜಗಳ ಆಯ್ತದೆ ಕಣೋ,” ಎಂದ ಸಣ್ಣ ದನಿಯಲ್ಲಿ.

ಆಗ ಅಪ್ಪನೂ ನಕ್ಕ. ಸ್ಟೋರಿನೊಳಗೆ ಅವನ ಹಲ್ಲು ನೋಡಿದ್ದು ನಾನು ಅದೇ ಮೊದಲು.

“ಆಗ್ಲಿ ಬುಡಿ. ನಮ್ಮಪ್ಪನ ಕಾಲದಿಂದ ಕಾಯ್ತಾ ಕುಂತಿವ್ನಿ. ಒಂದು ದಿನಾನೂ ಆಗ್ಲಿಲ್ಲ.”

ಅವ್ವ ಸೀಟಿ ಹೊಡೆಯುತ್ತಲೇ ತನ್ನ ಕೈಯನ್ನೂ ಚಾಚಿದಳು. ನಾನೂ ಚಾಚಿದೆ. ಒಲೆಯ ಮೇಲೆ ಅರಗು ಗುಳುಗುಳು ಕುದಿಯುತ್ತಲೇ ಇತ್ತು.