ಹೆಣಕ್ಕೆಂದು ಬಿಡಿಸಿದ ದಾರಿ

ಕಿತ್ತಳೆ ಸಿಪ್ಪೆ, ಟ್ರ್ಯಾಕ್ಟರಿನ ಅಲಗಿನ ಮುಂದೆ ಉರುಳುವ ಹಿಮದಲ್ಲಿ ಒಮ್ಮೆ ಮೇಲೆ ಬರುತ್ತದೆ, ಒಮ್ಮೆ ಮುಳುಗುತ್ತದೆ, ಯಾರು ಸುಲಿದು ಬಿಸಾಡಿದರೋ, ಸಾವಿನ ಮನೆಗೆ ಬರುವವರು ಕಿತ್ತಳೆ ತಿನ್ನುತ್ತಾ ಬರುತ್ತಾರೆಯೇ, ಬರುತ್ತಾರೆ, ಅಂಗಡಿಯ ಮಾತ್ಸುನೊ ತಾನು ಸತ್ತ ದಿನವೂ ಬಾಯಾಡಿಸುತ್ತಲೇ ಇರುತ್ತಾಳೆ — ಆದರೆ ಸಾವಿನ ಮನೆ ಅನ್ನಬಾರದು ಈಗ, ಸತ್ತಿಲ್ಲವಲ್ಲ, ಮೊಹೇಯಿ ಭಾವ ಸತ್ತಿಲ್ಲ, ಅದಕ್ಕೇ ತಾನೇ ಬೆಳಿಗ್ಗೆ ಅವರ ಬಾಗಿಲಿಂದ ತೆಗೆದ ಹಿಮವನ್ನು ಈಗ ಮತ್ತೆ ಅದೇ ಬಾಗಿಲಿಗೆ ತಳ್ಳುತ್ತಿರುವುದು, ಮುಂದೆ, ಹಿಂದೆ, ಮುಂದೆ, ಊರಿನ ಈ ಪುಟ್ಟ ಟ್ರ್ಯಾಕ್ಟರು ನೋಡಲು ಆಟಿಕೆ, ಬಲಕ್ಕೆ ಗೂಳಿ, ತೆಗೆಯುವುದಕ್ಕಿಂತ ತುಂಬುವುದು ಸುಲಭ, ತೆಗೆದ ಹಿಮವನ್ನು ಎಲ್ಲಿ ಸುರಿಯಲಿ ಎಂಬ ಚಿಂತೆ ಇರುತ್ತದೆ, ತುಂಬುವ ಹಿಮಕ್ಕೆ ಜಾಗ ಬಾಯಿ ತೆರೆದು ಕಾದಿರುತ್ತದೆ, ಬಾಯಿ, ಬಟ್ಟೆ, ಬಿಳಿ ಬಟ್ಟೆ ಒಳಗೆ ಹೋಯಿತು, ಹೊರಗೆ ಬಂತು, ಬೇಡ, ಗೇರು ಹಾಕು, ಮುಂದೆ.

ನಾನು ಏನೂ ಮಾಡಿಲ್ಲ, ತೊಕಿಗೂ ಇದನ್ನೇ ಹೇಳಿದ್ದೇನೆ, ಕಟ್ಟಿಕೊಂಡ ಹೆಂಡತಿ, ಎಷ್ಟು ಸಲ ಹೇಳಿದರೂ ಒಲೆಯ ಕಡೆ ಮುಖ ಮಾಡಿ ಮೂಲಂಗಿ ಹೆಚ್ಚುತ್ತಲೇ ಇರುತ್ತಾಳೆ — ಬೀದಿಯ ಹಿಮ ತಳ್ಳಿಕೊಂಡು ಹೋಗುವಾಗ ಅಲಗಿನ ಬದಿಗೆ ಉದ್ದಕ್ಕೂ ಒಂದು ದಿಣ್ಣೆ ಬೀಳುತ್ತಾ ಹೋಗುತ್ತದೆ, ಯಾರದಾದರೂ ಮನೆ ಬಂದರೆ ಅಲಗನ್ನು ಓರೆ ಮಾಡಬೇಕು, ಆಗ ದಿಣ್ಣೆ ಎದುರು ಬದಿಗೆ ಬೀಳುತ್ತದೆ, ಮನೆಯವರು ಬಾಗಿಲು ಸರಿಸಿ, ಕಿಸಾಬುರೊ, ದಣಿದಿದೀಯ ಕಣಪ್ಪ, ಬಾ, ಬಿಸಿ ಚಹಾ ಕುಡಿದು ಹೋಗು ಅನ್ನುತ್ತಾರೆ, ಭಾವನ ಮನೆ ಬಂದಾಗ ನಾನು ಅಲಗು ತಿರುಗಿಸುವುದಿಲ್ಲ, ಅಷ್ಟೆ, ಕೈ ಸುಮ್ಮನೆ ಇರುತ್ತದೆ, ಸುಮ್ಮನಿರುವ ಕೈಯ ಮೇಲೆ ಯಾರು ಏನು ತಪ್ಪು ಹೊರಿಸಬಹುದು, ಹಿಮ ತಾನಾಗಿ ಬೀಳುತ್ತದೆ, ತಾನಾಗಿ ಗಟ್ಟಿಯಾಗುತ್ತದೆ, ಅವರ ಸೂರಿನವರೆಗೆ ಎದ್ದ ಗೋಡೆಯನ್ನು ನಾನು ಕಟ್ಟಿದೆ ಅನ್ನುವುದಾದರೆ ಆಕಾಶವನ್ನೂ ಕೇಳಬೇಕು. ಆಚೆ ವರ್ಷ ಸುಗ್ಗಿ ಮುಗಿದ ಮೇಲೆ ತೆರಿಗೆಯವರು ಬಂದು, ಮನೆಮನೆಯಲ್ಲೂ ಕದ್ದು ಹುದುಗಿಸಿದ್ದ ಅಕ್ಕಿಹೆಂಡದ ಗುಡಾಣಗಳನ್ನು ಒಡೆದು ಹಾಕಿದರು, ಬೀದಿಯೆಲ್ಲ ಹುಳಿ ವಾಸನೆ, ಊರ ಯಜಮಾನ ಕುವಾಬಾರ ಅವರ ತಮ್ಮನನ್ನೇ ಎಳೆದೊಯ್ದರು, ಒಂದು ಮನೆಯ ಗುಡಾಣ ಮಾತ್ರ ಒಡೆಯಲಿಲ್ಲ, ಮೊಹೇಯಿಯದು, ಕುಡಿಯದ ಅವನ ಮನೆಯಲ್ಲಿ ಗುಡಾಣವೇ ಇರಲಿಲ್ಲ ಎಂಬುದು ಬೇರೆ ಮಾತು, ತೆರಿಗೆಯವರಿಗೆ ಸುಳಿವು ಕೊಟ್ಟವರು ಯಾರು ಎಂದು ಊರಿಗೆ ಉತ್ತರ ಬೇಕಿತ್ತು, ಉತ್ತರ ಸಿಕ್ಕಿತು. ಎಂಟು ಕತ್ತರಿಸಿದೆವು, ಎರಡು ಉಳಿಸಿದೆವು, ಹಳೆಯ ಕಟ್ಟಳೆ, ಮನುಷ್ಯನಿಗೆ ಊರು ಬೇಕಾಗುವ ಹತ್ತು ಸಂದರ್ಭಗಳಲ್ಲಿ ಎಂಟಕ್ಕೆ ಯಾರೂ ಆ ಮನೆಯ ಹೊಸಿಲು ತುಳಿಯಬಾರದು, ಮದುವೆಗಿಲ್ಲ, ಬಾಣಂತನಕ್ಕಿಲ್ಲ, ಕಾಯಿಲೆಗಿಲ್ಲ, ನೆರೆ ಬಂದು ಕೊಚ್ಚಿಕೊಂಡು ಹೋದರೂ ಇಲ್ಲ — ಬೆಂಕಿಗೆ, ಸಾವಿಗೆ ಮಾತ್ರ ಹೋಗಲೇಬೇಕು, ಬೆಂಕಿ ಹಬ್ಬುತ್ತದೆ, ಹೆಣ ನಾರುತ್ತದೆ, ಕಟ್ಟಳೆ ಮಾಡಿದವರು ದಡ್ಡರಲ್ಲ. ಮೊಹೇಯಿಯ ಹೆಂಡತಿ ಇಸೊ ನನ್ನ ಒಡಹುಟ್ಟಿದ ಅಕ್ಕ ಎಂದು ಕಟ್ಟಳೆಯಲ್ಲಿ ಎಲ್ಲಿಯೂ ಬರೆದಿಲ್ಲ, ಮುಂದೆ, ಹಿಂದೆ, ಡೀಸೆಲ್ ಹೊಗೆ ಕಣ್ಣಿಗೆ ಬರುತ್ತಿದೆ, ಹೊಗೆಯೇ, ಒಳಗೆ ಹೋಯಿತು, ಹೊರಗೆ ಬಂತು, ಅಂಗೈಯಗಲ ಬಿಳಿ ಬಟ್ಟೆ.

ಬೆಳಿಗ್ಗೆ ಅಕ್ಕ ಆ ಗೋಡೆಯ ನೆತ್ತಿಯ ಮೇಲೆ ನಿಂತಿದ್ದಳು, ಹೇಗೆ ಹತ್ತಿದಳೋ, ಬೆಕ್ಕಿನ ಹಾಗೆ ನಾಲ್ಕು ಕಾಲೂರಿ ಹತ್ತಿರಬೇಕು, ತಲೆಗೆ ಟವೆಲು ಬಿಗಿದಿದ್ದಾಳೆ, ಮೂಗಿನ ತುದಿ ಕೆಂಪಗಿದೆ, ಎಂಜಿನ್ ಆರಿಸೋ ಕಿಸಾ ಅಂದಳು, ಎರಡು ಚಳಿಗಾಲದಲ್ಲಿ ಅವಳ ಬಾಯಿಂದ ನನ್ನ ಹೆಸರು ಅದೇ ಮೊದಲು, ಆರಿಸಿದೆ, ನಿಮ್ ಭಾವ ಹೋಗ್ಬಿಟ್ರು ಕಣೋ. ಅಳಲಿಲ್ಲ, ನನ್ನ ಕಣ್ಣು ನೋಡಲಿಲ್ಲ, ಅಲಗನ್ನೇ ನೋಡುತ್ತಿದ್ದಳು, ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ, ಆದದ್ದು ದುಃಖವಲ್ಲ, ಸಂತೋಷವೇ ಅನ್ನಬೇಕು, ಅಬ್ಬಾ ಇನ್ನು ಅಲಗು ತಿರುಗಿಸಬಹುದು ಎಂಬ ಸಂತೋಷ, ಓಡಿದೆ, ಯಜಮಾನರು ಗಂಜಿಯ ಬಟ್ಟಲು ಕೆಳಗಿಟ್ಟರು, ಪಾಪ, ಕೆಲಸಗಾರ ಕಣಯ್ಯ ಅವನು, ಅವನ ಕೈಲಿ ಹುಲ್ಲು ಹೊದಿಸಿದ ಚಾವಣಿ ಒಂದೂ ಸೋರಿಲ್ಲ, ಕಣ್ಣೊರೆಸಿಕೊಂಡರು, ನಿಜವಾಗಿಯೂ ಒರೆಸಿಕೊಂಡರು, ಹೋಗು, ದಾರಿ ಬಿಡಿಸು, ಅಗಲವಾಗಿ ಬಿಡಿಸು, ಪೆಟ್ಟಿಗೆ ಹೊರೋರು ಜೋಡಿಯಾಗಿ ನಡೀಬೇಕು. ಎಷ್ಟು ಚೆನ್ನಾಗಿ ಬಿಡಿಸಿದೆ ನಾನು, ಗುನುಗುತ್ತಾ ಬಿಡಿಸಿದೆ, ಗೋಡೆ ಉಪ್ಪಿನ ಗಟ್ಟಿಯ ಹಾಗೆ, ಅಲಗು ಕಚ್ಚಿದ ಕಡೆ ಪದರ ಪದರ, ಒಂದೊಂದು ಪದರವೂ ನಾನು ಕೈ ಸುಮ್ಮನಿಟ್ಟ ಒಂದೊಂದು ಬೆಳಿಗ್ಗೆ, ಅವನ್ನೆಲ್ಲ ಕಡಿದು ಕಡಿದು ಬೀದಿಯ ಆಚೆ ಬದಿಗೆ ತಳ್ಳಿದೆ, ಮನೆಗೊಬ್ಬರಂತೆ ಇಡೀ ಊರು ಬಂತು, ಹೆಂಗಸರು ಅಕ್ಕಿ ತಂದರು, ತೋಫು ತಂದರು, ಅಯ್ಯೋ ಇಸೊ, ಎಷ್ಟು ಸೊರಗಿದೀಯೇ, ಹೊಟ್ಟೆಗೆ ತಿಂತೀಯೋ ಇಲ್ವೋ ಎಂದು ಎರಡು ವರ್ಷ ಮುಖ ತಿರುಗಿಸಿದವರು ಮೈದಡವಿದರು, ಆ ಪ್ರೀತಿ ಸುಳ್ಳಲ್ಲ, ಮುಚ್ಚಿಟ್ಟಿದ್ದು, ಸಾವು ಬಂದು ಮುಚ್ಚಳ ತೆಗೆಯಿತು. ಒಳಗೆ ಭಾವ ಉತ್ತರಕ್ಕೆ ತಲೆ ಇಟ್ಟು ಮಲಗಿದ್ದಾನೆ, ಹೊದಿಕೆಯ ಮೇಲೆ ಕುಡುಗೋಲು, ತಲೆಯ ಬಳಿ ಗುಡ್ಡೆ ಅನ್ನ, ಅನ್ನಕ್ಕೆ ನೆಟ್ಟಗೆ ಚುಚ್ಚಿದ ಕಡ್ಡಿಗಳು, ಊದುಬತ್ತಿ, ಹೆಣಕ್ಕೆ ಮಾಡುವ ಶಾಸ್ತ್ರವನ್ನೆಲ್ಲ ಒಬ್ಬಳೇ ಮಾಡಿದ್ದಾಳೆ, ಮುಖದ ಮೇಲೆ ಬಿಳಿ ಬಟ್ಟೆ, ನಾನು ಬಂಧು ಎಂದು ನನ್ನನ್ನೇ ಹತ್ತಿರ ಕೂರಿಸಿದರು, ನೋಡುತ್ತೇನೆ, ಬಾಯಿಯ ಮೇಲೆ ಬಟ್ಟೆ ಕುಳಿಬಿತ್ತು, ತುಂಬಿಕೊಂಡಿತು, ಗಾಳಿ ಅಂದುಕೊಂಡೆ, ಬಾಗಿಲೆಲ್ಲ ಮುಚ್ಚಿದೆ, ಮತ್ತೆ ಕುಳಿ, ಮಾತ್ಸುನೊಳ ದವಡೆ ನಿಂತಿತು, ಎಲ್ಲರೂ ನೋಡಿದರು, ನೋಡಿದ್ದನ್ನು ಯಾರೂ ನೋಡಲಿಲ್ಲ.

ಅಕ್ಕ ನೆಲಕ್ಕೆ ಹಣೆ ಒತ್ತಿಬಿಟ್ಟಳು, ಉಸಿರಿದೆ, ಜ್ವರ ಎದೆಗಿಳಿದಿದೆ, ಬಸ್ಸಿನ ದಾರಿ ಮುಟ್ಟಿಸಿದ್ರೆ ಡಾಕ್ಟ್ರು ಇದಾರೆ, ನೀವೇ ಹೇಳಿ ಯಜಮಾನ್ರೆ, ಕಾಯಿಲೆ ಅಂದಿದ್ರೆ ಒಂದು ನಾಯಿನಾದ್ರೂ ಬರ್ತಿತ್ತಾ, ಈಗ ಬಂದಿದೀರಲ್ಲ, ಇಷ್ಟು ಜನ ಇದೀರಲ್ಲ, ಒಂದೊಂದು ಕೈ ಹಾಕ್ರಪ್ಪ. ಯಜಮಾನರು ತಮ್ಮ ಊದುಬತ್ತಿಯನ್ನು ಹಚ್ಚಿದರು, ಹಚ್ಚಿ ನೆಟ್ಟು ಕೈಮುಗಿದರು, ಬದುಕಿರುವವನಿಗೆ, ಆಮೇಲೆ ಮೆತ್ತಗೆ, ಮೆತ್ತಗೇ ಅಂದರು, ನೋಡಿ ತಾಯಿ, ಸಾವು ಅಂದ್ರಿ, ಬಂದ್ವಿ, ಸತ್ತಿಲ್ಲ ಅಂತೀರಿ, ಸಂತೋಷ, ಕಾಯಿಲೆಗೆ ನಾವು ಬರೋ ಹಾಗಿಲ್ಲ, ಸತ್ತ ಮೇಲೆ ಹೇಳಿಕಳಿಸಿ, ಇದೇ ಜನ ಬರ್ತೀವಿ. ಹೊಸಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ಮತ್ತೆ ಯಜಮಾನರೇ, ಸುಳ್ಳು ಯಾಕೆ ಹೇಳ್ಬೇಕಿತ್ತು, ಮನೆಗೆ ಬೆಂಕಿ ಹಚ್ಚಿದ್ರೂ ಓಡಿ ಬರ್ತಿದ್ವಲ್ಲಮ್ಮಾ, ಯಾರೋ ಕಿಸಕ್ಕನೆ ನಕ್ಕರು, ನಾನೇ ಇರಬೇಕು, ಮಾತ್ಸುನೊ ತಾನು ತಂದ ತೋಫುವನ್ನು ಬಟ್ಟಲ ಸಮೇತ ಎತ್ತಿಕೊಂಡಳು, ತಪ್ಪು ತಿಳ್ಕೋಬೇಡ ಕಣೆ ಇಸೊ, ಇದು ಸಾವಿಗೆ ಅಂತ ಮಾಡಿದ್ದು. ಬೀದಿಯಲ್ಲಿ ಯಜಮಾನರು ನನ್ನ ಭುಜದ ಹಿಮ ಕೊಡವಿದರು, ಕಿಸಾ, ಆ ದಾರಿ ಹೆಣದ್ದು, ಹೆಣ ಇಲ್ಲ, ಮುಚ್ಚಿಬಿಡು, ವಸಂತಕ್ಕೆ ನಿನ್ನ ಮಗಳ ಮದುವೆ ಅಲ್ವಾ, ನಾವೆಲ್ಲ ಬರಬೇಕಲ್ಲಪ್ಪ. ಬರಬೇಕು, ಬರದಿದ್ದರೆ ಯಾವ ಮದುವೆ, ಎಂಟು ಕತ್ತರಿಸಿದರೆ ನನ್ನ ಬಾಗಿಲಿಗೂ ದಿಣ್ಣೆ ಬೀಳುತ್ತದೆ, ಇದೇ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ, ಅವನ ಕೈಯೂ ಸುಮ್ಮನಿರುತ್ತದೆ, ಹಿಂದೆ, ಮುಂದೆ, ಇನ್ನೊಂದು ಬಾಗಿಲಗಲದಷ್ಟು ಉಳಿದಿದೆ, ಒಂದೇ ತಳ್ಳು —

ಅದೋ, ಸಂದಿಯಲ್ಲಿ ಅಕ್ಕ, ಎದೆಗೆ ಹಗ್ಗ ಬಿಗಿದು ಸೌದೆ ಎಳೆಯುವ ಜಾರುಬಂಡಿ ಎಳೆದು ತರುತ್ತಿದ್ದಾಳೆ, ಬಂಡಿಯ ಮೇಲೆ ಹೊದಿಕೆ ಸುತ್ತಿ ಕಟ್ಟಿದ ಭಾವ, ಹಿಮ ಮುಖಕ್ಕೆ ಬೀಳದಿರಲಿ ಎಂದು ಬಟ್ಟೆಯನ್ನು ತೆಗೆದಿಲ್ಲ, ಅಲಗಿಗೆ ಎರಡು ಮಾರು ದೂರದಲ್ಲಿ ನಿಂತಳು, ಬಾಗಿದ್ದಾಳೆ, ಅವಳ ಕತ್ತು ಕಾಣುತ್ತಿದೆ, ಆ ಕತ್ತನ್ನು ಬಲ್ಲೆ, ಅವಳು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಇದೇ ಬೀದಿಯಲ್ಲಿ ತೊಡೆಮಟ್ಟದ ಹಿಮ ತುಳಿಯುತ್ತಿದ್ದಳು, ನನ್ನ ಮೂಗು ಆ ಕತ್ತಿನಲ್ಲಿರುತ್ತಿತ್ತು, ಹೊಗೆ, ಬೆವರು, ಬೇಯಿಸಿದ ಹುರುಳಿ, ಅಳಬೇಡ್ವೋ ನನ್ ರಾಜ, ಇನ್ನೇನು ಬಂತು ಮನೆ, ಇನ್ನೇನು ಬಂತು, ತಲೆಯೆತ್ತಿದಳು, ಅಲಗು ತಿರುಗಿಸೋ ಕಿಸಾ, ಒಂದ್ಸಲ. ಬೆನ್ನ ಹಿಂದೆ ಬೀದಿಯಲ್ಲಿ ಯಜಮಾನರು ಕೊಡೆ ಹಿಡಿದು ನಿಂತಿದ್ದಾರೆ, ತಿರುಗಿ ನೋಡಬೇಕಾಗಿಲ್ಲ, ಕೊಡೆಯ ಮೇಲೆ ಹಿಮ ಬೀಳುವ ಸದ್ದು ಬೇರೆ, ಕೈಯೇನೋ ಸುಮ್ಮನಿದೆ, ಆದರೆ ಈ ಸಲ ಸುಮ್ಮನಿದ್ದರೆ ಸಾಲದು, ತಳ್ಳಬೇಕು, ಅಥವಾ ತಿರುಗಿಸಬೇಕು, ದೇವರೇ ಮೂರನೆಯದೊಂದು ಕೊಡು, ಇದೆ, ಒಂದಿದೆ, ಆ ಬಟ್ಟೆ ನಿಂತುಬಿಟ್ಟರೆ, ಈಗ, ಇಲ್ಲಿ, ನಿಂತುಬಿಟ್ಟರೆ ಯಾರಿಗೂ ಏನೂ ತೊಂದರೆಯಿಲ್ಲ, ಎಷ್ಟು ಅಗಲ ಬಿಡಿಸುತ್ತೇನೆ ದಾರಿಯನ್ನು, ಯಜಮಾನರು ಕಣ್ಣೊರೆಸಿಕೊಳ್ಳುತ್ತಾರೆ, ಮಾತ್ಸುನೊ ತೋಫು ತರುತ್ತಾಳೆ, ಮೊದಲ ಹೆಗಲು ನನ್ನದೇ, ಊರಿಗೆಲ್ಲ ಕೇಳುವ ಹಾಗೆ ಅಳುತ್ತೇನೆ, ಅಕ್ಕನನ್ನು ತಬ್ಬಿಕೊಂಡು ಅಳುತ್ತೇನೆ, ತೊಕಿ ಒಲೆಯಿಂದ ಮುಖ ತಿರುಗಿಸುತ್ತಾಳೆ, ಭಾವ, ನಿನ್ನ ಕೈಯಲ್ಲೇ ಇದೆ, ಬಟ್ಟೆ ಒಳಗೆ ಹೋಯಿತು, ಬಾಯಿಯ ಕುಳಿಗೆ ಒದ್ದೆಯಾಗಿ ಅಂಟಿತು, ಇರು, ಅಲ್ಲೇ ಇರು, ಹೊರಗೆ ಬಂತು, ಕಾಲು ಕ್ಲಚ್ಚನ್ನು ಒತ್ತಿಯೇ ಹಿಡಿದಿದೆ, ಒಳಗೆ ಹೋಯಿತು, ಇರು ಭಾವ, ಅಲ್ಲೇ, ಅಲ್ಲೇ —

ಹೊರಗೆ ಬಂತು.