ಟೀಚರ ರವಿಕೆಯ ಐದು ಹುಕ್ಕು

ಟೀಚರ ರವಿಕೆಗೆ ಐದು ಹುಕ್ಕು. ಮೂರು ವರ್ಷ, ದಿನ ಬೆಳಗಾದರೆ, ಆ ಐದನ್ನೂ ಹಾಕಿದವಳು ನಾನು. ಕೆಳಗಿನಿಂದ ಮೇಲಕ್ಕೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಲಕ್ವ ಹೊಡೆದ ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಎಡಗೈ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೂ ನಾನು ಕೆಲಸ ಕೊಡುತ್ತಿರಲಿಲ್ಲ. "ನೀವ್ಯಾಕೆ ಒದ್ದಾಡ್ತೀರಿ ಟೀಚರೇ, ನಾನಿಲ್ವಾ?" ಎನ್ನುತ್ತಿದ್ದೆ. ಆ ಮಾತು ಹೇಳುವಾಗ ನನಗೆ ಎಂಥ ಖುಷಿ ಅಂತೀರಿ!

ರಾಜಮ್ಮಣ್ಣಿ ಟೀಚರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವರು. ನಾನು ಅವರ ಶಿಷ್ಯೆಯಲ್ಲ, ಅವರನ್ನು ನೋಡಿಕೊಳ್ಳಲು ಬಂದವಳು. ನಮ್ಮತ್ತೆ ಹಾಸಿಗೆ ಹಿಡಿದ ಆರು ವರ್ಷ ಅವರ ಮೈ ಒರೆಸಿ, ಊಟ ಮಾಡಿಸಿ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಿ ಕಲಿತ ಕೆಲಸ ನನ್ನದು. ಅತ್ತೆ ತೀರಿಕೊಂಡ ಮೇಲೆ ಅದನ್ನೇ ನಾಲ್ಕು ಮನೆಗಳಲ್ಲಿ ಮಾಡಿದೆ. ಯಾವ ಮನೆಯಲ್ಲೂ ಯಾರೂ ನನ್ನನ್ನು "ಎಲ್ಲಿ ಓದಿದೆ?" ಎಂದು ಕೇಳಿರಲಿಲ್ಲ.

ನಳಿನಾಕ್ಷಿ ಓದಿಕೊಂಡು ಬಂದಳು. ಆರು ತಿಂಗಳ ತರಬೇತಿ, ಸರ್ಟಿಫಿಕೇಟು, ಏಜೆನ್ಸಿಯವರು ಕೊಟ್ಟ ನೀಲಿ ಕೋಟು. ವಯಸ್ಸು ಇಪ್ಪತ್ತೆರಡೋ ಮೂರೋ. ಟೀಚರ ಮಗಳು ವಸುಮತಿಯವರು ನನ್ನನ್ನು ಅಡುಗೆಮನೆಗೆ ಕರೆದು, "ಬೆಳಗ್ಗೆ ಅವಳು ಬರ್ಲಿ, ಮಧ್ಯಾಹ್ನದ ಮೇಲೆ ನೀವು. ಎರಡು ತಿಂಗಳು ನೋಡ್ತೀನಿ. ಆಮೇಲೆ ಒಬ್ರನ್ನೇ ಇಟ್ಕೊಳ್ಳೋದು," ಎಂದರು. ಬೇಜಾರಾಗಬಾರದೆಂದು ಸೇರಿಸಿದರು: "ಈಗ ಎಲ್ಲ ಕಡೆ ತರಬೇತಿ ಆದೋರನ್ನೇ ಕೇಳ್ತಾರೆ ನೋಡಿ. ಮುಂದೆ ಈ ಕೆಲಸ ಹೀಗೇ."

ಮುಂದೆ ಹೀಗೇ ಅಂತೆ! ಹಾಗಾದರೆ ಹಿಂದೆ ಮಾಡಿದವರೆಲ್ಲ ಏನು ನೊಣ ಹೊಡೆಯುತ್ತಿದ್ದೆವೇ? ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಬೆಳಗುಗಳು ಹೋದವು. ಅದರ ಜೊತೆಗೆ ಹುಕ್ಕುಗಳೂ ಹೋದವು.

ಹೊಟ್ಟೆಕಿಚ್ಚು ಎಂದರೆ ಏನೆಂದು ನಾನು ಆಗ ಕಲಿತೆ. ಮಧ್ಯಾಹ್ನ ನಾನು ಹೋದಾಗ ಟೀಚರ ಜಡೆ ಅಡ್ಡಾದಿಡ್ಡಿ ಇರುತ್ತಿತ್ತು. ನನಗೋ ಒಳಗೊಳಗೇ ಸಂತೋಷ. ಸೆರಗಿನ ಮೇಲೆ ಸಾರಿನ ಕಲೆ ಕಂಡರೆ ಇನ್ನೂ ಸಂತೋಷ. "ಏನಮ್ಮಾ, ತರಬೇತೀಲಿ ಜಡೆ ಹಾಕೋದು ಹೇಳಿಕೊಡಲ್ವಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವಳು ನಕ್ಕು, "ಕಲೀತಿದೀವಿ ಅಕ್ಕಾ," ಎಂದು ಚಪ್ಪಲಿ ಮೆಟ್ಟಿ ಹೊರಟಳು. ಆ ನಗು ನನ್ನ ಮೈಯೆಲ್ಲ ಉರಿಸಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊಂದದ್ದು ಅವರಿಬ್ಬರ ಗುಸುಗುಸು. ನಾನು ಬಾಗಿಲಲ್ಲಿ ಕಂಡೊಡನೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಟೀಚರು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಮೂರು ವರ್ಷ ನನ್ನಿಂದ ಏನನ್ನೂ ಬಚ್ಚಿಡದ ಆ ಮನುಷ್ಯೆ ನಿನ್ನೆ ಮೊನ್ನೆ ಬಂದವಳ ಜೊತೆ ಸೇರಿ ನನ್ನನ್ನೇ ಹೊರಗಿಟ್ಟರಲ್ಲ ಎಂದು ಸಂಕಟವಾಗುತ್ತಿತ್ತು. "ಏನು ಮಾತು ನಡೀತಿತ್ತು?" ಎಂದರೆ ಟೀಚರು ತಡವರಿಸುತ್ತ, "ಏನಿಲ್ಲ ಕಣೆ," ಎನ್ನುತ್ತಿದ್ದರು.

ಎರಡು ತಿಂಗಳು ಮುಗಿಯಲು ಹತ್ತೋ ಹನ್ನೆರಡೋ ದಿನ ಉಳಿದಿತ್ತು. ಒಂದು ದಿನ ಬೇಕೆಂದೇ ಬೆಳಗ್ಗೆ ಒಂಬತ್ತಕ್ಕೆ ಹೋದೆ. ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಟೀಚರು ಸ್ನಾನ ಮುಗಿಸಿ ಮಂಚದ ಅಂಚಿನಲ್ಲಿ ಕುಳಿತಿದ್ದರು. ರವಿಕೆ ತೋಳಿಗೇರಿತ್ತು, ಹುಕ್ಕು ಪೂರ್ತಿ ಬಿದ್ದಿರಲಿಲ್ಲ. ಎಡಗೈ ಎದೆಯ ಮೇಲೆ ತಡಕಾಡುತ್ತಿತ್ತು. ಹಣೆಯೆಲ್ಲ ಬೆವರು, ಕೆನ್ನೆಯ ಮೇಲೆ ಕಣ್ಣೀರು. ಎದುರಿನ ಕುರ್ಚಿಯಲ್ಲಿ ನಳಿನಾಕ್ಷಿ ಕೈಕಟ್ಟಿಕೊಂಡು ಕುಳಿತಿದ್ದಳು. ಸುಮ್ಮನೆ ನೋಡುತ್ತಿದ್ದಳು!

"ಅಯ್ಯೋ ಪಾಪಿ, ಮನುಷ್ಯಳೇನೇ ನೀನು?" ಎಂದು ಒಳನುಗ್ಗಿದೆ. ಅವಳು ಎದ್ದು, "ಅಕ್ಕಾ, ತಡೀರಿ, ಒಂದು ನಿಮಿಷ," ಎನ್ನುವಷ್ಟರಲ್ಲಿ ಟೀಚರ ಕೈ ಸರಿಸಿ ಉಳಿದ ಹುಕ್ಕುಗಳನ್ನೂ ಹಾಕಿ ಮುಗಿಸಿದ್ದೆ. ಟೀಚರು ಕಣ್ಣು ಮುಚ್ಚಿಕೊಂಡರು. ನನ್ನನ್ನು ಕಂಡು ನೆಮ್ಮದಿಯಾಯಿತು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ವಸುಮತಿಯವರು ಕೆಲಸದಿಂದ ಬರುವವರೆಗೆ ಕಾದು, ಕಂಡದ್ದನ್ನು ಹೇಳಿದೆ. ಕಂಡದ್ದಕ್ಕೆ ಒಂದಿಷ್ಟು ಸೇರಿಸಿಯೂ ಹೇಳಿದೆ. "ದಿನಾ ಹೀಗೇ ಅಳಿಸ್ತಾಳೆ. ಬಾಯಿ ಬಿಡದ ಹಾಗೆ ಹೆದರಿಸಿಟ್ಟಿದಾಳೆ. ಅದಕ್ಕೇ ನನ್ನ ಕಂಡ್ರೆ ಟೀಚರ್ ಮಾತು ನಿಲ್ಲಿಸ್ತಾರೆ," ಎಂದೆ. ವಸುಮತಿಯವರ ಮುಖ ಕಪ್ಪಿಟ್ಟಿತು. ಆಗಲೇ ಏಜೆನ್ಸಿಗೆ ಫೋನು ಮಾಡಿದರು. ಮರುದಿನದಿಂದ ನೀಲಿ ಕೋಟು ಬರಲಿಲ್ಲ.

ನನ್ನ ಬೆಳಗು ನನಗೆ ವಾಪಸು ಬಂತು. ಆ ದಿನ ಎಷ್ಟು ಹುರುಪಿನಿಂದ ಹೋದೆನೋ! ಬಿಸಿನೀರು ಹದ ಮಾಡಿದೆ, ಸ್ನಾನ ಮಾಡಿಸಿದೆ. ರವಿಕೆ ತೊಡಿಸಿ ಮೊದಲ ಹುಕ್ಕಿಗೆ ಕೈ ಹಾಕಿದಾಗ ಟೀಚರು ಕೇಳಿದರು:

"ಆ ಹುಡುಗಿ ಎಲ್ಲೇ?"

"ಇನ್ನು ಬರಲ್ಲ ಟೀಚರೇ. ನಿಮ್ಮನ್ನ ಅಳಿಸೋರು ನಮಗ್ಯಾಕೆ?"

ಅವರು ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಆಡಿದರು. "ನಾನೇ ಹೇಳಿದ್ದೆ ಕಣೆ ಅವಳಿಗೆ, ಮುಟ್ಟಬೇಡ ಅಂತ. ಮೂರು ಹುಕ್ಕು ಬರ್ತಿತ್ತು. ಅವತ್ತು ನಾಲ್ಕನೇದು. ಐದೂ ಬಂದ ಮೇಲೆ..."

"ಬಂದ ಮೇಲೆ?"

"ನಿಂಗೆ ತೋರ್ಸೋಣ ಅಂತಿದ್ದೆ. ಅಲ್ಲೀವರ್ಗೂ ಹೇಳ್ಬೇಡ ಅಂತ ಅವಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ."

ನನ್ನ ಬೆರಳು ಹುಕ್ಕಿನ ಮೇಲೇ ನಿಂತುಬಿಟ್ಟಿತು. ಆಗ ನೆನಪಾಯಿತು. ಅವತ್ತು ನಾನು ನುಗ್ಗಿದಾಗ ಅವರ ಬಲಗೈ ಮಡಿಲಲ್ಲಿ ಇರಲಿಲ್ಲ. ಅದರ ಎರಡು ಬೆರಳು ರವಿಕೆಯ ಅಂಚನ್ನು ಹಿಡಿದಿದ್ದವು. ಮೂರು ವರ್ಷ ಸತ್ತಂತೆ ಬಿದ್ದಿದ್ದ ಕೈ! ನಾನು ಅದನ್ನೇ ಸರಿಸಿದ್ದೆ. ಆ ಮೂರು ವರ್ಷ ಅದನ್ನು ಸುಮ್ಮನೆ ಮಲಗಿಸಿದವಳೂ ನಾನೇ. ಅವರಿಗೆ ನಾನಿಲ್ಲದೆ ಆಗಬಾರದು ಎನ್ನುವ ಆಸೆಯನ್ನು ಸೇವೆ ಎಂದು ಕರೆದುಕೊಂಡಿದ್ದೆ.

ಆ ಸಂಜೆ ವಸುಮತಿಯವರ ಮುಂದೆ ನಿಂತು ಎಲ್ಲ ಹೇಳಿದೆ. ಹೆದರಿಸುತ್ತಾಳೆ ಎಂದದ್ದು ಸುಳ್ಳು ಎಂದೂ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. "ಯಾಕೆ ಹೀಗೆ ಮಾಡಿದ್ರಿ?" ಎಂದರು.

"ಹೊಟ್ಟೆಕಿಚ್ಚಿಗೆ ಅಮ್ಮಾ," ಎಂದೆ. ಬೇರೆ ಯಾವ ಮರ್ಯಾದೆಯ ಹೆಸರೂ ಅದಕ್ಕೆ ಸಿಗಲಿಲ್ಲ. "ಅವಳನ್ನೇ ಕರೆಸ್ಕೊಳ್ಳಿ. ನಂಗೆ ಕೈ ಕಟ್ಕೊಂಡು ಕೂರೋಕೆ ಬರಲ್ಲ."

ಅವರು ಬೇಡವೆನ್ನಲಿಲ್ಲ. ಇರಿ ಎನ್ನುತ್ತಾರೇನೋ ಎಂದು ಹೊಸಿಲ ಬಳಿ ಒಂದು ಕ್ಷಣ ನಿಂತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಆಮೇಲೆ ನಾನೂ ಏಜೆನ್ಸಿಯ ತರಬೇತಿಗೆ ಸೇರಿದೆ, ನಲವತ್ತಾರನೇ ವಯಸ್ಸಿನಲ್ಲಿ, ಮಕ್ಕಳ ವಯಸ್ಸಿನವರ ನಡುವೆ. ಮೂರು ತಿಂಗಳಾದ ಮೇಲೆ ಧೈರ್ಯ ಮಾಡಿ ಟೀಚರನ್ನು ನೋಡಲು ಹೋದೆ. ನಳಿನಾಕ್ಷಿ ಬಾಗಿಲು ತೆರೆದು, "ಬನ್ನಿ ಅಕ್ಕಾ," ಎಂದಳು. ಚುಚ್ಚುಮಾತು ಒಂದಾದರೂ ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಆಡಲಿಲ್ಲ.

ಟೀಚರು ಊಟದ ಮೇಜಿನ ಮುಂದೆ ಕುಳಿತಿದ್ದರು. ನನ್ನನ್ನು ಕೂರಲು ಹೇಳಿ, ಮಜ್ಜಿಗೆಯ ತಂಬಿಗೆಯನ್ನು ಎಡಗೈಯಿಂದ ಎತ್ತಿ, ಬಲಗೈಯನ್ನು ಅದರ ತಳಕ್ಕೆ ಕೊಟ್ಟು ಬಗ್ಗಿಸತೊಡಗಿದರು. ತಂಬಿಗೆ ನಡುಗಿತು. ಮಜ್ಜಿಗೆ ಲೋಟದೊಳಕ್ಕೆ ಒಂದಿಷ್ಟು, ಮೇಜಿನ ಮೇಲೆ ಒಂದಿಷ್ಟು. ಬಾಗಿಲಲ್ಲಿ ನಿಂತಿದ್ದ ನಳಿನಾಕ್ಷಿ ಟೀಚರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಈ ದಿನವನ್ನು ಟೀಚರಿಗೆ ತಂದುಕೊಟ್ಟವಳು ಅವಳು, ನಾನಲ್ಲ. ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು. ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ. ಚೆಲ್ಲಿದ ಮಜ್ಜಿಗೆ ಮೇಜಿನ ಅಂಚಿಗೆ ಬಂದು ನನ್ನ ಸೀರೆಯ ಮೇಲೆ ತೊಟ್ಟಿಕ್ಕತೊಡಗಿತು. ಟೀಚರು ಇನ್ನೂ ಬಗ್ಗಿಸುತ್ತಲೇ ಇದ್ದರು.