ನದಿಯಾಚೆಯ ನೋಂದಣಿ

ಅಕ್ಕ ತಿಗಣೆ ಕೊಲ್ಲುವವಳು. ಅಷ್ಟನ್ನು ನೇರವಾಗಿ ಹೇಳಲು ತಮ್ಮನಿಗೆ ಇಪ್ಪತ್ತೆಂಟು ತುಂಬಿದರೂ ಬಾಯಿ ಬಂದಿರಲಿಲ್ಲ.

ಇಪ್ಪತ್ತು ವರ್ಷದಿಂದ ಅವಳು ಬಿಸಿ ಹಬೆಯ ಯಂತ್ರವನ್ನೂ ಔಷಧಿ ಡಬ್ಬಗಳನ್ನೂ ಬಿಳಿ ವ್ಯಾನಿಗೆ ಹೇರಿಕೊಂಡು ಮನೆಗಳಿಗೆ, ಹಾಸ್ಟೆಲುಗಳಿಗೆ ಹೋಗುತ್ತಿದ್ದಳು. ವ್ಯಾನಿನ ಮೇಲೆ ಒಂದಕ್ಷರ ಬರೆಸಿರಲಿಲ್ಲ. ಮನೆಯಲ್ಲಿ ತಿಗಣೆ ಇದೆಯೆಂದು ಬೀದಿಗೆಲ್ಲ ಗೊತ್ತಾಗುವುದು ಯಾವ ಗಿರಾಕಿಗೂ ಬೇಡ. ಅಂಗಡಿಯಲ್ಲಿ ಗಿರಾಕಿ ಎದುರಾದರೆ ಅಕ್ಕ ಗುರುತಿಲ್ಲದವಳಂತೆ ಈರುಳ್ಳಿ ಆರಿಸುತ್ತ ನಿಲ್ಲುತ್ತಿದ್ದಳು. "ಅವರ ಮಂಚದ ಸಂದು ನೋಡಿದವಳು ನಾನು. ಬೀದೀಲಿ ನೋಡಿ ನಕ್ಕರೆ ಅವರಿಗೆ ಅಲ್ಲೇ ಮೈ ಕಡಿಯುತ್ತೆ" ಎನ್ನುತ್ತಿದ್ದಳು. ಆ ಸಂದುಗಳ ದುಡಿಮೆಯಲ್ಲೇ ತಮ್ಮ ಪದವಿ ಮುಗಿಸಿದ. ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಹಿಡಿದ. ಅಕ್ಕನ ಕಸುಬು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಮೂರು ವಸತಿಗೃಹಗಳು ಅವಳಿಗೆ ವರ್ಷದ ಗುತ್ತಿಗೆ ಕೊಡಲು ಸಿದ್ಧವಾಗಿದ್ದವು. ಆದರೆ ಕಂಪನಿಯೆಂದು ನೋಂದಣಿ ಆಗಿರಬೇಕಿತ್ತು. ಅಕ್ಕ ಆ ಕೆಲಸವನ್ನು ಓದಿಕೊಂಡ ತಮ್ಮನ ಕೈಗೆ ಒಪ್ಪಿಸಿದಳು.

"ಸೀಮಿತ ಹೊಣೆಯ ಕಂಪನಿ ಮಾಡಿಸೋಣ ಅಕ್ಕ," ಎಂದು ಅವನು ವಿವರಿಸಿದ್ದ. "ನಾಳೆ ಯಾರದೋ ಹಾಸಿಗೆ ಸುಟ್ಟುಹೋಗಿ ಕೇಸ್ ಹಾಕಿದ್ರೂ ಕಂಪನಿ ದುಡ್ಡು ಮಾತ್ರ ಹೋಗುತ್ತೆ. ನಮ್ಮನೆ ಮುಟ್ಟೋ ಹಾಗಿಲ್ಲ."

"ಅಂದ್ರೆ ಕಂಪನಿ ಮುಳುಗಿದ್ರೂ ಪಾತ್ರೆಪಗಡ ನಮ್ಮದೇ ಅನ್ನು. ಅರ್ಧ ನಿಂದು, ಅರ್ಧ ನಂದು ಅಂತ ಬರೆಸು."

ಆ ಅರ್ಧದಲ್ಲೇ ಅವನು ಸಿಕ್ಕಿಬಿದ್ದ. ಅವರ ಪ್ರಾಂತ್ಯದಲ್ಲಿ ಕಂಪನಿಯ ಮಾಲೀಕರ ಹೆಸರೂ ಕಸುಬೂ ಯಾರು ಬೇಕಾದರೂ ನೋಡಬಹುದಾದ ಪಟ್ಟಿಗೆ ಸೇರುತ್ತವೆ. ಗ್ರಂಥಾಲಯದವರಿಗೆ ಹುಡುಕುವುದೇ ಕಸುಬು. ಒಂದು ದಿನ ಯಾರೋ ಅವನ ಹೆಸರು ಹುಡುಕುತ್ತಾರೆ, ಪಕ್ಕದಲ್ಲೇ ತಿಗಣೆ ಕಾಣುತ್ತದೆ. ನದಿಯಾಚೆಯ ಪ್ರಾಂತ್ಯದಲ್ಲಿ ಮಾಲೀಕರ ಹೆಸರು ಹೊರಗೆ ಬರುವುದಿಲ್ಲವೆಂದು ಅವನು ಓದಿ ತಿಳಿದುಕೊಂಡ. ನೋಂದಣಿ ಶುಲ್ಕವೂ ಅಲ್ಲಿ ತೊಂಬತ್ತು, ಇಲ್ಲಿ ನೂರೈವತ್ತು. ಆ ತೊಂಬತ್ತು ಅವನಿಗೆ ದೇವರೇ ಕೊಟ್ಟ ನೆಪದಂತೆ ಕಂಡಿತು.

"ಕೆಲಸ ಇಲ್ಲಿ, ಕಂಪನಿ ಅಲ್ಲಾ? ತಿಗಣೆ ಇರೋ ಮಂಚ ಬಿಟ್ಟು ಪಕ್ಕದ ಮಂಚಕ್ಕೆ ಔಷಧಿ ಹೊಡೆದ ಹಾಗಾಯ್ತಲ್ಲೋ," ಎಂದಿದ್ದಳು ಅಕ್ಕ.

"ನಿನಗೆ ಗೊತ್ತಾಗಲ್ಲ, ಬಿಡಕ್ಕ."

ಅಕ್ಕ ಬಿಟ್ಟಿದ್ದಳು.

ಕಂಪನಿಯ ಕಾಗದಪತ್ರ ಮಾಡಿಸಿಕೊಡುವ ಆಡಿಟರಮ್ಮನ ಕೋಣೆ ಎರಡನೇ ಮಹಡಿಯಲ್ಲಿತ್ತು. ಫೈಲುಗಳನ್ನು ಕೆಳಗಿಟ್ಟರೆ ಮಾತ್ರ ಎರಡನೇ ಕುರ್ಚಿ ಖಾಲಿಯಾಗುವಷ್ಟು ಇಕ್ಕಟ್ಟು. ತಮ್ಮ ತುಂಬಿಸಿ ತಂದಿದ್ದ ಅರ್ಜಿಯನ್ನು ಆಕೆ ಕನ್ನಡಕ ಮೇಲೆತ್ತಿ ಓದಿದರು.

"ನದಿಯಾಚೆ ಯಾಕಪ್ಪಾ?"

"ಅಲ್ಲಿ ಶುಲ್ಕ ಕಮ್ಮಿ," ಎಂದ.

"ಬಾಗಿಲ ಶುಲ್ಕ ಕಮ್ಮಿ. ಒಳಗೆ ಹೋದ್ಮೇಲೆ ಗೊತ್ತಾಗೋದು." ಆಕೆ ಕ್ಯಾಲ್ಕುಲೇಟರನ್ನು ಅಕ್ಕನ ಕಡೆ ತಿರುಗಿಸಿ ಒತ್ತುತ್ತ ಹೋದರು. "ನೋಂದಣಿ ತೊಂಬತ್ತು. ಅಲ್ಲಿ ನಿಮಗೆ ವಿಳಾಸ ಇಲ್ಲ, ಕಾಗದ ತಗೊಳ್ಳೋಕೆ ಒಬ್ಬ ಏಜೆಂಟ್ ಬೇಕು. ಅವನಿಗೆ ವರ್ಷಕ್ಕೆ ನೂರಿಪ್ಪತ್ತು. ಅಲ್ಲಿನ ವಾರ್ಷಿಕ ಶುಲ್ಕ ಅರವತ್ತು. ಕೆಲಸ ಇಲ್ಲಿ ಮಾಡೋದ್ರಿಂದ ಹೊರಗಿನ ಕಂಪನಿ ಅಂತ ಇಲ್ಲೂ ನೋಂದಣಿ ಆಗಬೇಕು, ಇನ್ನೂರು. ಇಲ್ಲಿನ ವಾರ್ಷಿಕ ಇಪ್ಪತ್ತು. ಒಟ್ಟು ನಾನೂರ ತೊಂಬತ್ತು. ಸುಮ್ನೆ ಇಲ್ಲೇ ಮಾಡಿದ್ರೆ ನೂರ ಎಪ್ಪತ್ತು."

"ಮೂಗಿಗಿಂತ ಮೂಗುತಿ ಭಾರ," ಎಂದು ಅಕ್ಕ ನಕ್ಕಳು. "ಓದಿದೋನು ಲೆಕ್ಕದಲ್ಲಿ ಎಡವಿದ, ಪರವಾಗಿಲ್ಲ."

ತಮ್ಮನಿಗೆ ಉಸಿರು ಹಗುರಾಯಿತು. ಲೆಕ್ಕದಲ್ಲಿ ಎಡವಿದವನಾಗಿ ಉಳಿದರೆ ಸಾಕಿತ್ತು, ದಡ್ಡನೆನ್ನಿಸಿಕೊಳ್ಳಲು ಅವನು ತಯಾರಿದ್ದ.

"ಅಲ್ಲ, ಸಾಮಾನ್ಯವಾಗಿ ಒಂದೇ ಕಾರಣಕ್ಕೆ ನದಿಯಾಚೆ ಹೋಗ್ತಾರೆ," ಎಂದರು ಆಡಿಟರಮ್ಮ. "ಅಲ್ಲಿ ಮಾಲೀಕರ ಹೆಸರು ಹೊರಗೆ ಬರಲ್ಲ. ಒಬ್ಬ ಹೆಂಡತಿಯಿಂದ ಬಚ್ಚಿಡ್ತಾನೆ, ಒಬ್ಬ ಸಾಲ ಕೊಟ್ಟವರಿಂದ. ನಿಮ್ಮಿಬ್ಬರದೇನಪ್ಪಾ ಗುಟ್ಟು?"

"ನಮ್ಮದೇನಿದೆ, ತಿಗಣೆ ಬಿಟ್ರೆ!"

ಅಕ್ಕ ತನ್ನ ಮಾತಿಗೆ ತಾನೇ ಜೋರಾಗಿ ನಗುತ್ತ ತಮ್ಮನ ಕಡೆ ತಿರುಗಿದಳು. ಅವನು ನಗಬೇಕಿತ್ತು. ಕುಂಬಳಕಾಯಿ ಕಳ್ಳ ಹೆಗಲನ್ನಾದರೂ ಮುಟ್ಟಿ ನೋಡಿಕೊಂಡ. ಇವನಿಗೆ ಕೈಯೂ ಏಳಲಿಲ್ಲ. ನೆಲದ ಮೇಲಿದ್ದ ಫೈಲಿನ ದಾರದ ಗಂಟನ್ನೇ ನೋಡುತ್ತ ಕುಳಿತ. ಅಕ್ಕನ ನಗು ನಡುವೆಯೇ ನಿಂತಿತು.

"ನಾನೇ ಹೇಳಿದ್ದು," ಎಂದಳು ಅಕ್ಕ ಆಡಿಟರಮ್ಮನ ಕಡೆ ತಿರುಗಿ. "ನಮ್ಮ ಗಿರಾಕಿಗಳಿಗೆ ನಾಚಿಕೆ ಜಾಸ್ತಿ. ಅದಕ್ಕೆ ನದಿಯಾಚೆ ಮಾಡಿಸು ಅಂದೆ."

"ಗಿರಾಕಿಗಳ ಹೆಸರು ಎಲ್ಲೂ ಬರಲ್ವಲ್ಲಮ್ಮ."

"ನನಗೇನು ಗೊತ್ತು, ನಾನು ಓದಿದವಳಲ್ಲ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಇಲ್ಲೇ ಮಾಡಿ. ಪಾಲು ಅರ್ಧ ಅವನದ್ದೇ ಇರಲಿ, ಹೆಸರು ಮಾತ್ರ ನಂದೊಂದೇ ಹಾಕಿ."

"ಪಾಲು ಇದ್ದರೆ ಹೆಸರು ಇರಲೇಬೇಕು. ಇಲ್ಲಿನ ಕಾನೂನು."

ಅಕ್ಕ ಕ್ಯಾಲ್ಕುಲೇಟರಿನ ಮೇಲಿದ್ದ ಅಂಕಿಯನ್ನು ನೋಡಿದಳು. ಆ ದುಡ್ಡಿಗೆ ಎಷ್ಟು ಮಂಚ, ಎಷ್ಟು ದಿನ ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಾಳೆಂದು ತಮ್ಮನಿಗೆ ಗೊತ್ತಾಯಿತು.

"ಹಾಗಾದ್ರೆ ನದಿಯಾಚೆನೇ ಇರಲಿ. ವರ್ಷಾವರ್ಷ ಕಟ್ಟಿದರಾಯ್ತು."

"ಬೇಡ," ಎಂದ ತಮ್ಮ. "ಇಲ್ಲೇ ಮಾಡಿ. ನನ್ನ ಹೆಸರೂ ಬರೀರಿ."

ಅಕ್ಕ ಸಂತೋಷಪಡಲಿಲ್ಲ, ಬೇಡವೆನ್ನಲೂ ಇಲ್ಲ. ಅಂಗಡಿಯವನು ಹೇಳಿದ ಕೊನೆಯ ದರ ಕೇಳಿಸಿಕೊಂಡವಳ ಹಾಗೆ ಸುಮ್ಮನೆ ತಲೆಯಾಡಿಸಿದಳು. ಆಡಿಟರಮ್ಮ ಹೊಸ ಅರ್ಜಿ ತೆಗೆದರು. ಕಸುಬಿನ ಜಾಗ ಬಂದಾಗ "ಆರೋಗ್ಯ ಸೇವೆ ಅಂತ ಬರೆಯಲಾ?" ಎಂದು ಕೇಳಿದರು. ಹಳೆಯ ಅರ್ಜಿಯಲ್ಲಿ ತಮ್ಮನೇ ಹಾಗೆ ಬರೆದಿದ್ದ. "ತಿಗಣೆ ನಿವಾರಣೆ," ಎಂದು ಹೇಳಿ ಅವನು ಸಹಿ ಹಾಕಿದ. ಅಷ್ಟು ಹೇಳಿದ್ದಕ್ಕೆ ಎದೆ ಹಗುರಾಗುತ್ತದೆಂದು ಕಾದ. ಆಗಲಿಲ್ಲ.

ಮೆಟ್ಟಿಲಿಳಿಯುವಾಗ ಅಕ್ಕ ಮುಂದಿದ್ದಳು. ತಿರುಗಿ ನೋಡದೆ ಕೇಳಿದಳು, "ಲೈಬ್ರರೀಲಿ ನಾನೇನು ಮಾಡ್ತೀನಿ ಅಂತ ಹೇಳಿದ್ದೀಯ?"

"ವಸತಿಗೃಹಗಳ ಜೊತೆ ವ್ಯವಹಾರ ಅಂತ."

"ಸುಳ್ಳೇನಲ್ಲ, ಬಿಡು."

ಬೈದಿದ್ದರೆ ಅವನಿಗೆ ಹೇಳಲು ಏನಾದರೂ ಸಿಗುತ್ತಿತ್ತು.

ಅವಳು ವ್ಯಾನಿನ ಮುಂದಿನ ಸೀಟಿನಿಂದ ಡಬ್ಬಗಳನ್ನು ಹಿಂದಕ್ಕೆ ಸರಿಸಿದಳು. "ಗಾಡಿ ಹತ್ತು, ನಿನ್ನ ಲೈಬ್ರರಿ ಹತ್ರದ ತಿರುವಿನಲ್ಲಿ ಇಳಿಸ್ತೀನಿ."

"ಬಾಗಿಲಿಗೇ ಬಿಡಕ್ಕ."

"ಬೇಡ ಕಣೋ. ಅಲ್ಲಿ ಗಾಡಿ ನಿಲ್ಲಿಸೋಕೆ ಕಾವಲಿನವನು ಬಿಡಲ್ಲ."

"ನಿನಗೆ ಹೇಗೆ ಗೊತ್ತು?"

"ಹೋದ ವರ್ಷ ಒಂದ್ಸಲ ಬಂದಿದ್ದೆ, ನೀನು ಮನೇಲಿ ಮರೆತಿದ್ದ ಕನ್ನಡಕ ಕೊಡೋಣ ಅಂತ. ಮೆಟ್ಟಿಲ ಮೇಲೆ ನೀನು ಸ್ನೇಹಿತರ ಜೊತೆ ಮಾತಾಡ್ತಾ ನಿಂತಿದ್ದೆ. ನಾನು ಹಾಗೇ ವಾಪಸ್ ಹೋದೆ."

ವ್ಯಾನು ಹೊರಟಿತು. ಆ ದಿನ ತಾನು ಅವಳನ್ನು ಕಂಡಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ಹೆದರಿ, ಅವನು ತಿರುವು ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತ.